ಬಾತುಗಳನ್ನು ಮರುಳುಮಾಡುವ ನಾಯಿ

ನಾಯಿಯನ್ನು ಸಾಕಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎಂದೂ ಹುಟ್ಟಿದ್ದಿಲ್ಲ. ಕುರಿಯ ಮಂದೆ ಇದ್ದಲ್ಲಿ ನಾಯಿ ಇದ್ದೇ ಇರುತ್ತದೆ. ಅದರ ಬಣ್ಣ ನೋಡಿ, ಕುಲ ವಿಚಾರಿಸಿ ಯಾರೂ ಆರಿಸಿ ತರುವುದಿಲ್ಲ. ಹೀಗಿರುವಾಗ ಸಮುದ್ರದಾಚೆಯ ಒಂದು ನಾಯಿಯ ವಿಷಯದಲ್ಲಿ ಸಲಹೆ ಹೇಳುವ ಭಾರ ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಮೇಲೆ ಬಿದ್ದಿತೆಂದರೆ ಸಹಪಾಠಿಗಳು ನಗಬಹುದು.

ನನ್ನ ಸೋದರಮಾವ ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಹೋಟೆಲೊಂದರ ಅಡುಗೆಯವರು. ಅತ್ತೆ ಅಲ್ಲಿಯೇ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಅವರ ಹತ್ತು ವರ್ಷದ ಮಗಳು ಕಡಲ ದಂಡೆಯಲ್ಲಿ ಯಾರದೋ ನಾಯಿಯನ್ನು ಕಂಡು, ಅಂಥದೇ ಬೇಕೆಂದು ಹಟ ಹಿಡಿದಿದ್ದಳು. ಮಾವ ಅದರ ಚಿತ್ರವನ್ನು ಫೋನಿಗೆ ಕಳಿಸಿ, “ನೀನು ಓದಿದವನು, ಇದರ ವಿಷಯ ಓದಿ ತಿಳಿದುಕೋ. ಭಾವನನ್ನೂ ಒಂದು ಮಾತು ಕೇಳು” ಎಂದರು. ಚಿತ್ರದಲ್ಲಿದ್ದುದು ನರಿಯ ಬಣ್ಣದ, ಎದೆಯ ಮೇಲೂ ಪಾದಗಳಲ್ಲೂ ಬಾಲದ ತುದಿಯಲ್ಲೂ ಬಿಳುಪಿದ್ದ ಚೆಲುವಾದ ನಾಯಿ. ಅದನ್ನು ಕಂಡೊಡನೆ ನನಗೆ ನಮ್ಮ ಕೆಂಚನ ನೆನಪಾಯಿತು. ಆ ಮಾತು ಆಮೇಲೆ.

ಓದತೊಡಗಿದೆ. ಅದರ ಹೆಸರು ನೋವಾ ಸ್ಕೋಷಿಯಾ ಡಕ್ ಟೋಲಿಂಗ್ ರಿಟ್ರೀವರ್. ನಾಯಿಗಿಂತ ಹೆಸರೇ ಉದ್ದ! ನೋವಾ ಸ್ಕೋಷಿಯಾ ಎಂಬುದು ಹ್ಯಾಲಿಫ್ಯಾಕ್ಸ್ ರಾಜಧಾನಿಯಾಗಿರುವ ಪ್ರಾಂತ್ಯ. ‘ಟೋಲ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸೆಳೆಯುವುದು, ಮರುಳುಮಾಡುವುದು. ಆ ಪ್ರಾಂತ್ಯದ ಯಾರ್ಮತ್ ಸೀಮೆಯಲ್ಲಿ, ಲಿಟ್ಲ್ ರಿವರ್ ಹಾರ್ಬರ್ ಎಂಬ ಊರಿನ ಸುತ್ತ, 19ನೆಯ ಶತಮಾನದಲ್ಲಿ ಬೇಟೆಗಾರರು ಈ ತಳಿಯನ್ನು ಬೆಳೆಸಿದರು. ಕೆನಡಾದ ಕೆನಲ್ ಕ್ಲಬ್ಬು 1945ರಲ್ಲಿ ಇದಕ್ಕೆ ಮನ್ನಣೆ ಕೊಟ್ಟಿತು. 1995ರಲ್ಲಿ ಇದು ಆ ಪ್ರಾಂತ್ಯದ ಅಧಿಕೃತ ನಾಯಿಯೇ ಆಯಿತು. ಎತ್ತರ ಸುಮಾರು ಒಂದೂವರೆ ಅಡಿ, ತೂಕ 20 ಕಿಲೋಗ್ರಾಮಿನ ಆಸುಪಾಸು.

ಇದರ ಉದ್ಯೋಗ ಮಾತ್ರ ವಿಚಿತ್ರವಾದುದು. ಬೇಟೆಗಾರನು ನೀರಿನ ಅಂಚಿನಲ್ಲಿ ಮರೆಯಾಗಿ ಕುಳಿತು ಒಂದು ಕೋಲನ್ನೋ ಚೆಂಡನ್ನೋ ದಂಡೆಯ ಮೇಲೆ ಎಸೆಯುತ್ತಾನೆ. ನಾಯಿ ಬೊಗಳದೆ ಓಡಿ ಅದನ್ನು ತರುತ್ತದೆ. ಮತ್ತೆ ಎಸೆಯುತ್ತಾನೆ, ಮತ್ತೆ ತರುತ್ತದೆ. ದೂರದ ನೀರಿನಲ್ಲಿರುವ ಬಾತುಗಳಿಗೆ ಈ ಕುಣಿತವನ್ನು ಕಂಡು ಕುತೂಹಲ. ಕೊರಳೆತ್ತಿ ನೋಡುತ್ತ ಹತ್ತಿರ ಹತ್ತಿರ ಈಜಿ ಬರುತ್ತವೆ. ಬಂದೂಕಿನ ಅಳವಿಗೆ ಬಂದಾಗ ಬೇಟೆಗಾರನು ನಾಯಿಯನ್ನು ಹಿಂದಕ್ಕೆ ಕರೆದು ತಾನು ಎದ್ದು ನಿಲ್ಲುತ್ತಾನೆ. ಬಾತುಗಳು ಮೇಲೇಳುವಾಗ ಗುಂಡು ಹೊಡೆಯುತ್ತಾನೆ. ಬಿದ್ದುದನ್ನು ನೀರಿಗಿಳಿದು ಕಚ್ಚಿ ತರುವುದೂ ಅದೇ ನಾಯಿಯ ಪಾಲಿಗೆ. ನರಿಗಳು ಹೀಗೆ ದಡದಲ್ಲಿ ಕುಣಿದು ನೀರುಹಕ್ಕಿಗಳನ್ನು ಸೆಳೆಯುವುದನ್ನು ನಿಕೊಲಾ ಡೆನಿ ಎಂಬ ಫ್ರೆಂಚ್ ವ್ಯಾಪಾರಿ 1672ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ನಾಯಿಗೆ ನರಿಯ ಬಣ್ಣವೇ ಬಂದಿರುವುದು ಇದಕ್ಕೆ ತಕ್ಕುದಾಗಿಯೇ ಇದೆ. ನಮ್ಮ ಹಿತ್ತಿಲಲ್ಲಿ ಬೆಕ್ಕು ಕಂಡರೆ ಗೊರವಂಕಗಳು ಹಾರಿಹೋಗದೆ ಅದರ ಸುತ್ತಲೇ ಗದ್ದಲ ಮಾಡುವುದಿಲ್ಲವೆ? ಹಗೆಯನ್ನು ಕಣ್ಣೆದುರಿನಲ್ಲೇ ಇಟ್ಟುಕೊಳ್ಳಬೇಕೆಂಬ ಬುದ್ಧಿ ಬಾತುಗಳಿಗೂ ಇದ್ದೀತು.

ಇಷ್ಟನ್ನೂ ಸಂಗ್ರಹಿಸಿಕೊಂಡು, ಪರೀಕ್ಷೆಗೆ ಸಿದ್ಧನಾದವನಂತೆ ಹೋಗಿ ಜಗುಲಿಯ ಮೇಲೆ ಅಪ್ಪನಿಗೆ ಒಪ್ಪಿಸಿದೆ. ಅಪ್ಪ ಬೀಡಿ ಆರುವವರೆಗೂ ಸುಮ್ಮನೆ ಕೇಳಿದರು. ಆಮೇಲೆ, “ಬಾತು ಹೊಡಿಯಾಕೆ ಅವರು ಹೋಗಲ್ಲ, ಸರಿ. ಮತ್ತೆ ಅದಕ್ಕೆ ಅಲ್ಲಿ ಕೆಲಸ ಏನ್ ಕೊಡ್ತಾರಂತೆ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಮತ್ತೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೆಂಚ ನಮ್ಮಿಬ್ಬರ ನಡುವೆ ಬಂದು ಕುಳಿತಂತಾಗಿತ್ತು.

ನಾನು ಏಳನೆಯ ತರಗತಿಯಲ್ಲಿದ್ದಾಗ ತಾಲ್ಲೂಕು ಕೇಂದ್ರದ ಪರಿಚಿತರೊಬ್ಬರು ನಮ್ಮ ಮಂದೆಯ ಕೆಂಚನನ್ನು ಕೇಳಿದರು. ಅಪ್ಪನಿಗೆ ಮನಸ್ಸಿರಲಿಲ್ಲ. ನಾನೇ ಹಟ ಮಾಡಿ ಕೊಡಿಸಿದೆ: ಅಲ್ಲಿ ಅದಕ್ಕೆ ಹಾಲು, ಬ್ರೆಡ್ಡು ಸಿಕ್ಕುತ್ತದೆ, ಬಿಸಿಲಿನಲ್ಲಿ ಅಲೆಯುವುದು ತಪ್ಪುತ್ತದೆ ಎಂದು. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಕೆಂಚ ಮಹಡಿಯ ಮೆಟ್ಟಿಲ ಕೆಳಗೆ ಸರಪಳಿಯಲ್ಲಿತ್ತು. ಮೈ ತುಂಬಿಕೊಂಡಿತ್ತು, ಆದರೆ ತನ್ನ ಬಾಲವನ್ನು ತಾನೇ ಕಚ್ಚಿ ಹುಣ್ಣು ಮಾಡಿಕೊಂಡಿತ್ತು. ರಾತ್ರಿಯೆಲ್ಲ ಬೊಗಳುತ್ತದೆಂದು ಮನೆಯವರು ದೂರಿದರು. ಹಿಂದಕ್ಕೆ ಕರೆತಂದೆವು. ಮಂದೆಯ ಹಿಂದೆ ಮೊದಲಿನಂತೆ ಅದು ನಡೆಯಲೇ ಇಲ್ಲ. ಅವರು ಕೆಟ್ಟವರಲ್ಲ; ಅನ್ನಕ್ಕೆ ಕಡಮೆ ಮಾಡಿರಲಿಲ್ಲ. ಕಾಯಲು ಅದಕ್ಕೊಂದು ಕುರಿಯಿರಲಿಲ್ಲ, ಅಷ್ಟೆ.

ಮತ್ತೆ ಓದಿದೆ, ಈ ಸಲ ಬೇರೆ ಕಣ್ಣಿನಿಂದ. ಬಾತುನಾಯಿಯ ವಿಶೇಷವೇನೆಂದರೆ ಅದಕ್ಕೆ ಆಟವೇ ಕೆಲಸ. ಮರೆಯಲ್ಲಿ ಬಂದೂಕಿರುವುದು ಅದಕ್ಕೆ ಮುಖ್ಯವಲ್ಲ. ಚೆಂಡು ಬರುತ್ತಿರಬೇಕು, ತಾನು ಓಡುತ್ತಿರಬೇಕು. ಆದುದರಿಂದ ಅದು ಸಂಸಾರದ ಮನೆಗೆ ಒಗ್ಗದ ನಾಯಿಯೇನೂ ಅಲ್ಲ. ಮಕ್ಕಳೊಡನೆ ಹೊಂದಿಕೊಳ್ಳುತ್ತದೆ, ಚುರುಕು ಬುದ್ಧಿಯದು, ಕಲಿಸಿದ್ದನ್ನು ಬೇಗ ಕಲಿಯುತ್ತದೆ. ಆದರೆ ದಿನವೂ ದಣಿಯುವಷ್ಟು ಓಡಿಸಬೇಕು. ಬುದ್ಧಿಗೆ ಕೆಲಸವಿಲ್ಲದಿದ್ದರೆ ಮನೆಯ ಸಾಮಾನನ್ನು ಹಾಳುಮಾಡುತ್ತದೆ. ಉತ್ಸಾಹ ಬಂದಾಗ ಕಿವಿ ಸೀಳುವಂತೆ ಕೀರಲು ದನಿ ತೆಗೆಯುತ್ತದೆ. ಸ್ವಲ್ಪವೇ ನಾಯಿಗಳಿಂದ ಬೆಳೆದ ತಳಿಯಾದ್ದರಿಂದ ಕೆಲವು ವಂಶದ ರೋಗಗಳೂ ಉಂಟು. ಮರಿಯ ತಂದೆತಾಯಿಗಳ ಪರೀಕ್ಷೆಯಾಗಿದೆಯೇ ಎಂದು ವಿಚಾರಿಸಿಯೇ ಕೊಳ್ಳಬೇಕು. ಒಟ್ಟಿನಲ್ಲಿ ನನಗೆ ಹೊಳೆದುದಿಷ್ಟು: ಬಾತು ಇಲ್ಲದಿದ್ದರೂ ಈ ನಾಯಿಗೆ ನಡೆದೀತು, ಚೆಂಡು ಎಸೆಯುವ ಕೈ ಇಲ್ಲದಿದ್ದರೆ ನಡೆಯದು.

ಮಾವನ ಮನೆಯಲ್ಲಿ ಆ ಕೈ ಯಾರದು? ಅವರಿರುವುದು ನಾಲ್ಕನೆಯ ಮಹಡಿಯಲ್ಲಿ. ಮಾವ ಹಿಂದಿರುಗುವುದು ನಡುರಾತ್ರಿಗೆ. ಅತ್ತೆ ಕೆಲಸಕ್ಕೆ ಹೊರಡುವುದು ಎಂಟು ಗಂಟೆಗೆ.

ಬೇಡವೆಂದು ಬರೆಯಲು ಹೊರಟೆ. ಅಪ್ಪ ತಡೆದರು. “ಮಗು ಆಸೆಪಟ್ಟಿದೆ. ಬ್ಯಾಡ ಅನ್ನಬ್ಯಾಡ. ಎರಡು ತಿಂಗಳು ನಾಯಿ ಇಲ್ದೇನೇ ನಾಯಿ ಸಾಕಲಿ” ಎಂದರು. ದಿನವೂ ಬೆಳಗ್ಗೆ, ಶಾಲೆಗೆ ಮುಂಚೆ, ಮನೆಯ ಹಿರಿಯರೊಬ್ಬರು ಮಗುವಿನೊಡನೆ ಒಂದು ಗಂಟೆ ಕಡಲ ದಂಡೆಗೆ ಹೋಗಿಬರಬೇಕು, ನಾಯಿ ಜೊತೆಗಿದೆಯೆಂದೇ ಭಾವಿಸಿ. ಹಿಮ ಬೀಳಲಿ, ಗಾಳಿ ಬೀಸಲಿ, ತಪ್ಪಬಾರದು. ಹಾಗೆಯೇ ಬರೆದು ಕಳಿಸಿದೆ. ಮಾವ ನಕ್ಕರಾದರೂ ಒಪ್ಪಿಕೊಂಡರು.

ಹುಡುಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಫೋನು ಬಂದಿತು, ಅಪ್ಪನೊಡನೆಯೇ ಮಾತನಾಡಬೇಕೆಂದಳು. “ಮಾವಾ, ಅರವತ್ತು ದಿನದಲ್ಲಿ ಇಪ್ಪತ್ತೆರಡು ದಿನ ತಪ್ಪಿಹೋಯ್ತು. ಎಂಟು ದಿನ ನಾನೇ ಏಳಲಿಲ್ಲ. ನಾಯಿ ಈಗ ಬೇಡ. ನಾನು ಒಬ್ಬಳೇ ಹೋಗುವಷ್ಟು ದೊಡ್ಡವಳಾದ ಮೇಲೆ ತರ್ತೀವಿ” ಎಂದಳು. ದನಿಯಲ್ಲಿ ಅಳು ಇತ್ತು. ಲೆಕ್ಕದಲ್ಲಿ ಮಾತ್ರ ಮೋಸವಿರಲಿಲ್ಲ.

ಅಪ್ಪ ಫೋನನ್ನು ನನ್ನ ಕೈಗಿತ್ತು ಸ್ವಲ್ಪ ಹೊತ್ತು ಹಟ್ಟಿಯ ಕಡೆ ನೋಡುತ್ತ ಕುಳಿತರು. ಆಮೇಲೆ ಹೇಳಿದರು: “ಈ ಹುಡುಗಿ ಕೈಗೆ ಮಂದೆ ಕೊಡಬೋದು ಕಣಪ್ಪ.”

ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅಪ್ಪನ ಬಾಯಿಂದ ಅದು ನನಗೆ ಇನ್ನೂ ದೊರೆತಿಲ್ಲ.