ಸಂತೆಮರಹಳ್ಳಿಯ ಒಂದು ಮತ ಮತ್ತು ವ್ಯೂ ಕಂಟ್ರೋಲರ್

ಕರ್ನಾಟಕ ವಿಧಾನಸಭೆಯ ಹಳೆಯ ಚುನಾವಣೆಗಳ ಫಲಿತಾಂಶ ತೋರಿಸುವ ಮ್ಯಾಕ್ ಆ್ಯಪ್ ಬರೆಯುತ್ತಿದ್ದೇನೆ. ಜಿಲ್ಲೆಯೊಳಗೆ ಕ್ಷೇತ್ರ, ಕ್ಷೇತ್ರದೊಳಗೆ ಅಭ್ಯರ್ಥಿಗಳು. ಹಂತಕ್ಕೊಂದು ವ್ಯೂ ಕಂಟ್ರೋಲರ್, ಅಂದರೆ ಪರದೆಯ ಒಂದು ಭಾಗವನ್ನು (ವ್ಯೂ) ನೋಡಿಕೊಳ್ಳುವ ಕೋಡ್; ಒಂದರೊಳಗೆ ಇನ್ನೊಂದು. ಪರೀಕ್ಷೆಗೆ ನಮ್ಮ ಸಂತೆಮರಹಳ್ಳಿಗಿಂತ ಒಳ್ಳೆಯ ಕ್ಷೇತ್ರವಿಲ್ಲ. 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಇಲ್ಲಿ ಒಂದಂಕಿ ತಪ್ಪಿದರೂ ಫಲಿತಾಂಶವೇ ಬುಡಮೇಲು!

ಅಂಕಿ ಪರದೆಗೆ ಬರುವಲ್ಲೇ ಒಂದು ತೊಡಕಿದೆ: ಒಳಗಿನ ಕಂಟ್ರೋಲರ್ ಹುಟ್ಟಿತೆಂದರೆ ಅದರ ವ್ಯೂ ಹುಟ್ಟಿತೆಂದಲ್ಲ. ಅದನ್ನು ಹೊರಗಿನ ಕಂಟ್ರೋಲರ್‌ಗೆ ಸೇರಿಸಿದರೂ (‘ಆ್ಯಡ್‌ಚೈಲ್ಡ್’) ಅಷ್ಟೇ. ಯಾರಾದರೂ ಮೊದಲ ಸಲ ‘ವ್ಯೂ’ ಕೇಳಿದಾಗಲೇ ‘ಲೋಡ್‌ವ್ಯೂ’ ಓಡುತ್ತದೆ, ಆಮೇಲೆ ‘ವ್ಯೂಡಿಡ್‌ಲೋಡ್’. ಅದಕ್ಕೂ ಮುಂಚೆ ಮತಸಂಖ್ಯೆ ತುಂಬಲು ಹೋದರೆ ಲೇಬಲ್ಲೇ ಇರುವುದಿಲ್ಲ. ಸ್ವಿಫ್ಟ್‌ನಲ್ಲಿ ಸಾಮಾನ್ಯವಾಗಿ ಆ್ಯಪ್ ಕ್ರ್ಯಾಶ್ ಆಗುತ್ತದೆ. ಆಬ್ಜೆಕ್ಟಿವ್-ಸಿಯಲ್ಲಾದರೆ ಸದ್ದಿಲ್ಲದೆ ಜಾಗ ಖಾಲಿ ಉಳಿಯುತ್ತದೆ. ನನಗೆ ಭಯ ಎರಡನೆಯದರದ್ದೇ.

ವ್ಯೂವನ್ನು ಸುಮ್ಮನೆ ಮುಟ್ಟಿ ಬಲವಂತವಾಗಿ ಲೋಡ್ ಮಾಡಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, 224 ಕ್ಷೇತ್ರಗಳೂ ಯಾರೂ ನೋಡದೆ ತೆರೆದುಕೊಳ್ಳುತ್ತವೆ. ಅಂಕಿ ಕಂಟ್ರೋಲರ್ ಬಳಿ ಇರಲಿ, ‘ವ್ಯೂಡಿಡ್‌ಲೋಡ್’ ಬಂದಾಗ ಪರದೆಗೆ ಹೋಗಲಿ. ಆಮೇಲೆ ಅಂಕಿ ಬದಲಾದರೆ ‘ಈಸ್‌ವ್ಯೂಲೋಡೆಡ್’ ನೋಡಿ ಬರೆದರಾಯಿತು. (‘ವ್ಯೂಡಿಡ್‌ಲೋಡ್’, ‘ಈಸ್‌ವ್ಯೂಲೋಡೆಡ್’ ಎರಡೂ ಮ್ಯಾಕ್‌ಗೆ ಬಂದದ್ದು 2014ರ ಯೊಸೆಮಿಟಿಯಲ್ಲಿ.)

ಕ್ಷೇತ್ರ ಪುನರ್ವಿಂಗಡಣೆಯಿಂದಾಗಿ 2008ರ ಪಟ್ಟಿಯಲ್ಲಿ ಸಂತೆಮರಹಳ್ಳಿ ಇಲ್ಲ. ವರ್ಷ ಬದಲಿಸಿದಾಗ ಆ ಕ್ಷೇತ್ರದ ಕಂಟ್ರೋಲರನ್ನು ಪೇರೆಂಟ್‌ನಿಂದಲೂ (ಹೊರಗಿನ ಕಂಟ್ರೋಲರ್), ಅದರ ವ್ಯೂವನ್ನು ಪರದೆಯಿಂದಲೂ ತೆಗೆಯಬೇಕು. ಒಂದು ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ.