ದೀಪ ಒಂದೂರಿನಲ್ಲಿ, ಹೊಗೆ ಇನ್ನೊಂದೂರಿನಲ್ಲಿ

ಬೇಸಿಗೆ ರಜೆಗೆಂದು ಹೊಳಲಿಗೆ ಬಂದಿದ್ದ ನನ್ನ ಮಗಳು ಪಡಸಾಲೆಯಲ್ಲಿ ಕರ್ನಾಟಕದ ನಕಾಶೆ ಹರವಿಕೊಂಡು ಬಣ್ಣ ತುಂಬುತ್ತಿದ್ದಳು. ಒಂಬತ್ತನೇ ತರಗತಿಯವರಿಗೆ ಶಾಲೆಯಲ್ಲಿ ಕೊಟ್ಟ ರಜೆಯ ಕೆಲಸ ಅದು: ಯಾವ ಜಿಲ್ಲೆಯಲ್ಲಿ ವಿದ್ಯುತ್ತಿನ ಉತ್ಪಾದನೆ ಎಷ್ಟು, ಬಳಕೆ ಎಷ್ಟು, ಹೊಗೆ ಎಷ್ಟು. ರಾಯಚೂರು, ಬಳ್ಳಾರಿಗೆ ಕಡುಗಪ್ಪು ಬಳಿದಿದ್ದಳು. ಬೆಂಗಳೂರಿಗೆ ಎಳೆ ಹಸಿರು. ಎಲೆಗೆ ಸುಣ್ಣ ಹಚ್ಚುತ್ತಾ ಕುಳಿತಿದ್ದ ನಮ್ಮಪ್ಪ ಬಗ್ಗಿ ನೋಡಿದರು.

"ನಮ್ಮ ಜಿಲ್ಲೆಗ್ಯಾಕ ಮಸಿ ಬಳದಿಯವ್ವಾ?"

"ಅಲ್ಲಿ ಕಲ್ಲಿದ್ದಲು ಸುಡ್ತಾರಲ್ಲ ಅಜ್ಜಾ, ಅದಕ್ಕೆ."

"ಸುಟ್ಟು ಮಾಡಿದ ಕರೆಂಟು ಉಣ್ಣೋರು ಯಾರು?"

ಮಗಳು ಪೆನ್ಸಿಲ್ ಕಚ್ಚಿಕೊಂಡು ನನ್ನ ಮುಖ ನೋಡಿದಳು. 2021ರಲ್ಲಿ ನಮ್ಮ ಹಡಗಲಿ ತಾಲ್ಲೂಕು ಹೊಸ ವಿಜಯನಗರ ಜಿಲ್ಲೆಗೆ ಸೇರಿದರೂ ಅಪ್ಪನ ಲೆಕ್ಕದಲ್ಲಿ ನಾವಿನ್ನೂ ಬಳ್ಳಾರಿಯವರೇ. ಆದರೆ ಅವರ ಪ್ರಶ್ನೆ ಜಿಲ್ಲೆಯ ಅಭಿಮಾನದಿಂದಷ್ಟೇ ಬಂದದ್ದಲ್ಲ ಎಂಬುದು ನನಗೆ ಗೊತ್ತಿತ್ತು.

1996ರ ಬೇಸಿಗೆ. ಹೊಲದ ಬೋರಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಅಪ್ಪ ನಡುರಾತ್ರಿ ಎದ್ದು, ಕಂಬಳಿ ಹೊದ್ದು, ಬ್ಯಾಟರಿ ಹಿಡಿದು ಮೋಟರು ಚಾಲೂ ಮಾಡಲು ಹೋಗುತ್ತಿದ್ದರು. ಒಂದು ರಾತ್ರಿ ಕತ್ತಲಲ್ಲಿ ಬದುವಿನಿಂದ ಕಾಲು ಜಾರಿ ಬಿದ್ದರು. ಮೊಣಕಾಲು ಮುರಿಯಿತು. ಬೆಳಗಿನ ಜಾವ ನಾವು ಹುಡುಕಿಕೊಂಡು ಹೋದಾಗ ಮೋಟರು ಇನ್ನೂ ಓಡುತ್ತಿತ್ತು. ಅಪ್ಪ ಬಿದ್ದ ಜಾಗವೆಲ್ಲ ಕೆಸರಾಗಿತ್ತು. ಅಂದಿನಿಂದ ಅವರು ಕಾಲೆಳೆದೇ ನಡೆಯುತ್ತಾರೆ. ಓದಲೆಂದು ಮೊದಲ ಸಲ ಬೆಂಗಳೂರಿಗೆ ಹೋದಾಗ ಅಂಗಡಿಗಳು ಮುಚ್ಚಿದ ಮೇಲೂ ಉರಿಯುತ್ತಿದ್ದ ಜಾಹೀರಾತು ಫಲಕಗಳನ್ನು ಕಂಡು ನನಗೆ ಮೊದಲು ನೆನಪಾದದ್ದು ಆ ಕೆಸರು.

ಹಾಗಾಗಿ ಮಗಳ ಜೊತೆ ನಾನೂ ಲೆಕ್ಕಕ್ಕೆ ಕುಳಿತೆ.

ಕರೆಂಟು ಹುಟ್ಟುವ ಊರೇ ಬೇರೆ, ಉರಿಯುವ ಊರೇ ಬೇರೆ ಎಂಬುದು ನಮ್ಮ ನಾಡಿನಲ್ಲಿ ಹಳೆಯ ಕಥೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಓಡಿದ್ದು ಪಕ್ಕದ ಹಳ್ಳಿಗಳಿಗಲ್ಲ, ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಮೇಲೆ ಶರಾವತಿ. 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮಲೆನಾಡಿನವರ ಮನೆ ತೋಟಗಳು ಮುಳುಗಿದವು, ನಾಡೆಲ್ಲ ಬೆಳಕಾಯಿತು.

ನೀರಿನಿಂದ ಬರುವ ಕರೆಂಟು ಸಾಲದಾದಾಗ ಕಲ್ಲಿದ್ದಲು ಬಂತು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾ, ಮಹಾರಾಷ್ಟ್ರಗಳಿಂದ ರೈಲಿನಲ್ಲಿ ಬರಬೇಕು. 1985ರಲ್ಲಿ ಶುರುವಾದ ರಾಯಚೂರಿನ ಶಕ್ತಿನಗರ ಸ್ಥಾವರದ ಸಾಮರ್ಥ್ಯ ಬೆಳೆಯುತ್ತಾ 1,720 ಮೆಗಾವಾಟ್ ಆಯಿತು. ಈ ಶತಮಾನದಲ್ಲಿ ಬಳ್ಳಾರಿ ಬಳಿಯ ಕುಡತಿನಿಯಲ್ಲಿ 1,700 ಮೆಗಾವಾಟಿನ ಸ್ಥಾವರ ಎದ್ದಿತು. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ತೆಗೆದರೆ ಸುಮಾರು ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೂದಿ, ದೂಳು ಬೇರೆ. ಇವೆಲ್ಲ ಬರೆದುಕೊಳ್ಳುವುದು ರಾಯಚೂರು, ಬಳ್ಳಾರಿಯ ಖಾತೆಗೆ. ತಂತಿ ಹಿಡಿದು ಬೆಂಗಳೂರಿಗೆ ಹೋಗುವ ಕರೆಂಟಿಗೆ ಮಾತ್ರ ಹೊಗೆಯ ವಾಸನೆಯೂ ಇಲ್ಲ.

ದೇಶದ ನಕಾಶೆ ನೋಡಿದರೂ ಇದೇ ಕಥೆ. ದಿಲ್ಲಿಯ ಬದರ್‌ಪುರ ಕಲ್ಲಿದ್ದಲು ಸ್ಥಾವರ 2018ರಲ್ಲಿ ಮುಚ್ಚಿತು. ದಿಲ್ಲಿಯ ದೀಪಗಳೇನೂ ಆರಲಿಲ್ಲ. ಅವುಗಳ ಹೊಗೆ ದೂರದ ಊರುಗಳ ಚಿಮಣಿಗಳಿಗೆ ಸರಿಯಿತು. ಛತ್ತೀಸಗಡದ ಕೋರ್ಬಾ, ಮಧ್ಯಪ್ರದೇಶದ ಸಿಂಗ್ರೌಲಿಗಳಲ್ಲಿ ಸುಟ್ಟ ಕಲ್ಲಿದ್ದಲಿನ ಬೆಳಕು ಬೇರೆ ರಾಜ್ಯಗಳ ಮನೆಗಳಲ್ಲಿದೆ. 2023–24ರಲ್ಲಿ ಭಾರತದಲ್ಲಿ ತಲಾ ಬಳಕೆ ವರ್ಷಕ್ಕೆ ಸುಮಾರು 1,400 ಯೂನಿಟ್. ಗುಜರಾತಿನಲ್ಲಿ ಅದು 2,000 ದಾಟಿದೆ. ಬಿಹಾರದಲ್ಲಿ ದೇಶದ ಸರಾಸರಿಯ ಮೂರರಲ್ಲೊಂದು ಪಾಲೂ ಇಲ್ಲ.

"ಹಾಗಾದರೆ ನಮ್ಮ ಮನೆಗೆ ಬರೋದು ಯಾವ ಊರಿನ ಕರೆಂಟು?" ಎಂದು ಮಗಳು ಕೇಳಿದಳು. ಹಲವು ಹಳ್ಳಗಳ ನೀರು ಒಂದು ಕೆರೆಗೆ ಬಿದ್ದ ಮೇಲೆ ಇದು ಯಾವ ಹಳ್ಳದ್ದೆಂದು ಬೇರ್ಪಡಿಸಲಾಗದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಜೋಡಣೆಯಾದಾಗ ದಕ್ಷಿಣ ಭಾರತದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಡನೆ ಒಂದಾಯಿತು. ಈಗ ಎಲ್ಲರದೂ ಒಂದೇ ಕೆರೆ. ನೀರು, ಬಿಸಿಲು, ಗಾಳಿ, ಕಲ್ಲಿದ್ದಲು ಎಲ್ಲ ಬೆರೆತ ಈ ಕರೆಂಟಿಗೆ ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಹಿಡಿಯಬಹುದು.

ಎರಡೂ ಮನೆಗಳ ಬಿಲ್ಲು ತೆಗೆದೆವು. ಹೊಳಲಿನ ಮನೆಯಲ್ಲಿ ಐದು ಜನ, ತಿಂಗಳಿಗೆ 45 ಯೂನಿಟ್. ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರು ಜನ, 190 ಯೂನಿಟ್. ಇಲ್ಲಿ ತಲೆಗೆ 9, ಅಲ್ಲಿ 63: ಏಳು ಪಟ್ಟು! ಅವರ ತಿಂಗಳ ಹೊಗೆ ಸುಮಾರು 31 ಕೆ.ಜಿ., ನಮ್ಮದು 133. ಗೀಸರು, ವಾಷಿಂಗ್ ಮಷೀನು, ಮೂರು ಕೋಣೆಯ ಫ್ಯಾನು. ಮಗಳು ಸಪ್ಪಗಾದಳು. ಅಪ್ಪ ಗೆದ್ದವರಂತೆ ಮೀಸೆ ತಿರುವಿದರು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. "ಅಜ್ಜಾ, ಬೋರಿನ ಮೀಟರು ಎಲ್ಲಿದೆ?" ಎಂದಳು. ನಾಡಿನ ಅನೇಕ ಪಂಪ್‌ಸೆಟ್ಟುಗಳಂತೆ ನಮ್ಮದಕ್ಕೂ ಮೀಟರಿಲ್ಲ. ಅಶ್ವಶಕ್ತಿಯಿಂದಲೇ ಅಂದಾಜು ಮಾಡಿದೆವು. ಐದು ಎಚ್.ಪಿ. ಮೋಟರಿಗೆ ತಾಸಿಗೆ ಕಡಿಮೆಯೆಂದರೂ ನಾಲ್ಕು ಯೂನಿಟ್. ದಿನಕ್ಕೆ ಆರು ತಾಸು, ತಿಂಗಳಲ್ಲಿ ಇಪ್ಪತ್ತು ದಿನ. ಒಟ್ಟು 480 ಯೂನಿಟ್! ಬೆಂಗಳೂರಿನ ಮನೆಯ ಎರಡೂವರೆ ಪಟ್ಟು. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಪಂಪ್‌ಸೆಟ್ಟುಗಳದು.

ಅಪ್ಪನ ಮೀಸೆ ಇಳಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆತು, ಬರಕೋ. ಆದ್ರ ಆ ನೀರಾಗ ಬೆಳದ ಉಳ್ಳಾಗಡ್ಡಿ ಎಲ್ಲಿಗೆ ಹೋತು ಅನ್ನೋದೂ ಬರಕೋ."

ಉಳ್ಳಾಗಡ್ಡಿ ಹೋದದ್ದು ಯಶವಂತಪುರದ ಮಾರುಕಟ್ಟೆಗೆ.

ಮಗಳು ಹಳೆಯ ನಕಾಶೆ ಬದಿಗಿಟ್ಟು ಹೊಸದಾಗಿ ಮೂರು ಬರೆದಳು. ಒಂದರಲ್ಲಿ ಕರೆಂಟು ಹುಟ್ಟುವ ಜಾಗ, ಇನ್ನೊಂದರಲ್ಲಿ ಉರಿಯುವ ಜಾಗ, ಮೂರನೆಯದರಲ್ಲಿ ಹೊಗೆ ಬೀಳುವ ಜಾಗ. ಮೂರರಲ್ಲೂ ಬೇರೆ ಬೇರೆ ಜಿಲ್ಲೆಗಳು ಕಪ್ಪಾದವು. ಹುಟ್ಟುವ ನಕಾಶೆಯಲ್ಲಿ ಹಳದಿ ಬಣ್ಣವೂ ಬಂತು: ಐದು ಹಳ್ಳಿಗಳ ರೈತರು ಗೇಣಿಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ ಹರಡಿರುವ ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕಿಗೆ. ಹೊಳೆಯಾಚೆಯ ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ನೀಲಿ ಚುಕ್ಕೆ.

ವಿದ್ಯಾರ್ಥಿ ಮಿತ್ರರೇ, ಎರಡು ಊರುಗಳನ್ನು ಹೋಲಿಸುವ ಅಂಕಿಅಂಶ ಕಂಡಾಗ ಮೂರು ಪ್ರಶ್ನೆ ಕೇಳಿ: ಇದು ಒಟ್ಟು ಲೆಕ್ಕವೋ, ತಲಾ ಲೆಕ್ಕವೋ? ತಯಾರಾದ ಕಡೆಯದೋ, ಬಳಸಿದ ಕಡೆಯದೋ? ಅದರಿಂದ ಬೆಳೆದದ್ದನ್ನು ಉಂಡವರು ಯಾರು? ತಂದೆತಾಯಿಗಳೂ ಒಂದು ಭಾನುವಾರ ಮಕ್ಕಳ ಜೊತೆ ಮೀಟರಿನ ಮುಂದೆ ನಿಲ್ಲಬಹುದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಅನೇಕರು ಬಿಲ್ಲಿನ ಕಡೆ ನೋಡುವುದನ್ನೇ ಬಿಟ್ಟಿದ್ದೇವೆ. ಹಣ ಸೊನ್ನೆಯಾದರೂ ಯೂನಿಟ್ಟು ಸೊನ್ನೆಯಾಗುವುದಿಲ್ಲ, ಹೊಗೆಯೂ ಆಗುವುದಿಲ್ಲ.

ಬಿಸಿಲಿನ ಕರೆಂಟು ಸಿಗುವುದು ಹಗಲಿನಲ್ಲಿ. ಹಗಲಿನಲ್ಲೇ ಹೊಲಕ್ಕೂ ಕೊಟ್ಟರೆ ಕಲ್ಲಿದ್ದಲೂ ಉಳಿದೀತು, ರೈತನ ಕಾಲೂ ಉಳಿದೀತು. ನಮ್ಮ ಹೊಲಕ್ಕೆ ಈಗ ಹಗಲು ತ್ರೀಫೇಸ್ ಬರುವ ದಿನಗಳು ಹೆಚ್ಚಾಗಿವೆ. ಮರುದಿನ ಹನ್ನೊಂದಕ್ಕೆ ಕರೆಂಟು ಬಂದಾಗ ಅಪ್ಪ ಟವೆಲು ತಲೆಗೆ ಸುತ್ತಿಕೊಂಡು ಹೊರಟರು. ಎಷ್ಟು ತಾಸು ಓಡುತ್ತದೆಂದು ಬರೆದುಕೊಳ್ಳಲು ನೋಟ್‌ಬುಕ್ ಹಿಡಿದು ಮೊಮ್ಮಗಳು ಹಿಂದೆ ನಡೆದಳು. ಬದುವಿನ ಹತ್ತಿರ ಅವಳು ಅಜ್ಜನ ಕೈ ಹಿಡಿದದ್ದು ನನಗೆ ಮನೆಯಿಂದಲೇ ಕಾಣುತ್ತಿತ್ತು.