ಬೈಪಾಸ್ ರಸ್ತೆಯ ಕರು

ಕಲ್ಯಾಣದಲ್ಲಿ ಎಮ್ಮೆಗಳಿವೆ ಅಂದರೆ ನಮ್ಮ ಧಾರವಾಡ ಕಡೆಯವರು ನಂಬುವುದಿಲ್ಲ. ಮುಂಬಯಿ ಅಂದರೆ ಲೋಕಲ್ ಟ್ರೇನು, ಸಮುದ್ರ, ಸಿನಿಮಾದವರು, ಇಷ್ಟೇ ಅವರ ಲೆಕ್ಕ. ನಿಜ ಏನೆಂದರೆ ಈ ಊರು ಮೊದಲಿನಿಂದಲೂ ಎಮ್ಮೆ ಹಾಲಿನ ಮೇಲೆ ಬದುಕಿದ್ದು. ನಗರದ ನಡುವೆ ಇದ್ದ ಕೊಟ್ಟಿಗೆಗಳನ್ನು ಹೊರಗೆ ಹಾಕಬೇಕೆಂದೇ 1949ರಲ್ಲಿ ಆರೇ ಕಾಲನಿ ಹುಟ್ಟಿತು. ಅದನ್ನು ಕಟ್ಟಿದ ದಾರಾ ಖುರೋಡಿಯವರಿಗೆ 1963ರಲ್ಲಿ ಕುರಿಯನ್ನರ ಜೊತೆಗೇ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆದರೂ ಎಲ್ಲ ಎಮ್ಮೆಗಳೂ ಅಲ್ಲಿಗೆ ಹೋಗಲಿಲ್ಲ. ಕಲ್ಯಾಣದಲ್ಲಿ ದುರ್ಗಾಡಿ ಕೋಟೆಯ ಕೆಳಗೆ, ಉಲ್ಹಾಸ ನದಿ ಖಾಡಿಯಾಗುವ ಜಾಗದಲ್ಲಿ, ಇವತ್ತಿಗೂ ತಬೇಲೆಗಳಿವೆ. ನಾನು ಡೊಂಬಿವಲಿಯ ಒಂದು ಖೋಲಿ, ಒಂದು ಅಡುಗೆಮನೆಯಲ್ಲಿ ಹದಿನೈದು ವರ್ಷ ಕಳೆದು, ಆಮೇಲೆ ಸಾಲ ಮಾಡಿ ಕಲ್ಯಾಣಕ್ಕೆ ಬಂದವನು. ಪ್ಯಾಕೆಟ್ ಹಾಲು ನಮಗೆ ಒಗ್ಗಲಿಲ್ಲ. 2018ರಲ್ಲಿ ನಿವೃತ್ತನಾದ ಮೇಲೆ ಬೆಳಿಗ್ಗೆ ಡಬ್ಬಿ ಹಿಡಿದು ತಬೇಲೆಗೆ ಹೋಗುವುದೇ ನನ್ನ ವಾಕಿಂಗು.

2019ರ ಜುಲೈ 26ರ ರಾತ್ರಿ ಹಿಡಿದ ಮಳೆ ನಿಲ್ಲಲಿಲ್ಲ. ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ದಾಟಿ ವಾಂಗಣಿ ಹತ್ತಿರ ನೀರಿನ ನಡುವೆ ನಿಂತಿತು. ಸಾವಿರಕ್ಕೂ ಹೆಚ್ಚು ಜನರನ್ನು ಮರುದಿನ ದೋಣಿಯಲ್ಲಿ ಇಳಿಸಿದ್ದನ್ನು ನೀವೂ ಟೀವಿಯಲ್ಲಿ ನೋಡಿರಬಹುದು. ಅದೇ ನೀರು ನಮ್ಮ ಕಡೆಗೂ ಬಂತು. ನೀರು ಏರಿದಾಗ ತಬೇಲೆಯವರು ಎಮ್ಮೆಗಳನ್ನು ಬಿಚ್ಚಿ ಗೋವಿಂದವಾಡಿ ಬೈಪಾಸ್ ರಸ್ತೆಗೆ ತಂದು ಕಟ್ಟುತ್ತಾರೆ. ಅವತ್ತೂ ತಂದಿದ್ದರು. ಬೆಳಿಗ್ಗೆ ಕೊಡೆ ಹಿಡಿದು ಹೋದಾಗ ರಸ್ತೆಯುದ್ದಕ್ಕೂ ಕರೀ ಬೆನ್ನುಗಳ ಸಾಲು, ಮೈಮೇಲೆಲ್ಲ ಮಳೆ.

ನಮ್ಮ ಹಾಲಿನ ಭೈಯಾ ಒಂದು ತಾಡಪತ್ರಿಯ ಕೆಳಗೆ ಕೂತಿದ್ದ. ಪಕ್ಕದಲ್ಲಿ ಒಂದು ಎಮ್ಮೆ ರಾತ್ರಿಯೇ ಈದಿತ್ತು. ಕರು ಒದ್ದೆ ಡಾಂಬರಿನ ಮೇಲೆ, ಒಂದು ಗೋಣಿಚೀಲದ ತುಂಡಿನಲ್ಲಿ, ಕತ್ತು ಚಾಚಿ ಬಿದ್ದಿತ್ತು. ಕಣ್ಣು ಬಿಟ್ಟಿತ್ತು, ಅಷ್ಟೇ. ಎದ್ದಿರಲಿಲ್ಲ, ಮೊಲೆಗೆ ಬಾಯಿ ಹಾಕಿರಲಿಲ್ಲ.

"ಛೋಡಿಯೇ ಅಂಕಲ್‌ಜೀ, ಪಾಡಾ ಹೈ," ಅಂದ ಭೈಯಾ.

ಪಾಡಾ ಅಂದರೆ ಗಂಡುಗರು, ಕೋಣ. ತಬೇಲೆಯ ಎಮ್ಮೆ ಹಾಲಿಗೆ. ಗಂಡುಗರುವಿಗೆ ಅಲ್ಲಿ ಕೆಲಸವಿಲ್ಲ, ಜಾಗವೂ ಇಲ್ಲ. ಅದು ಕುಡಿದ ಪ್ರತಿ ಲೋಟ ಹಾಲು ನಷ್ಟದ ಲೆಕ್ಕ. ಮೊದಲ ಹಾಲಂತೂ ಇನ್ನೂ ದುಬಾರಿ. ನಾವು ಗಿಣ್ಣ ಅನ್ನುವುದನ್ನು ಇಲ್ಲಿಯವರು ಚೀಕ್ ಅನ್ನುತ್ತಾರೆ, ಅದರಿಂದ ಖರವಸ ಮಾಡುತ್ತಾರೆ. ಆ ಚೀಕನ್ನು ಭೈಯಾ ಆಗಲೇ ಯಾರಿಗೋ ಕೊಡುತ್ತೇನೆಂದು ಒಪ್ಪಿಕೊಂಡಿದ್ದ. ಅವನನ್ನು ಬಯ್ಯಲಾರೆ. ರಾತ್ರಿಯೆಲ್ಲ ಸೊಂಟದ ನೀರಲ್ಲಿ ನಲವತ್ತು ದನ ಹೊಡೆದುಕೊಂಡು ಬಂದವನು ಅವನು.

ಹಾಲು ಹಾಕಿಸಿಕೊಂಡು ಹೊರಟವನು ಹತ್ತು ಹೆಜ್ಜೆ ಹೋಗಿ ನಿಂತೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1984ರಲ್ಲಿ ನಾನು ಆಗಿನ ಬಿಜಾಪುರ ಜಿಲ್ಲೆಯ ಒಂದು ಹಳ್ಳಿ ಶಾಖೆಯಲ್ಲಿ ಫೀಲ್ಡ್ ಆಫೀಸರ್. ಕರ್ನಾಟಕ ವಿಶ್ವವಿದ್ಯಾಲಯದ ಎಂ.ಕಾಂ., ಹೊಸ ಬೈಕು, ಹೊಸ ಹುರುಪು. ಐಆರ್‌ಡಿಪಿ ಎಮ್ಮೆ ಸಾಲದ ಕಾಲ ಅದು. ಎಮ್ಮೆ ಕೊಡಿಸುವುದು, ಕಿವಿಗೆ ವಿಮೆಯ ಬಿಲ್ಲೆ ಹೊಡೆಸುವುದು, ಆಮೇಲೆ ತಿಂಗಳಿಗೊಮ್ಮೆ ಹೋಗಿ ಬಿಲ್ಲೆಯ ನಂಬರು ತಾಳೆ ನೋಡುವುದು. ಬಿಲ್ಲೆ ಇಲ್ಲದಿದ್ದರೆ ಕ್ಲೇಮಿಲ್ಲ. ಹಾಲು ಎಷ್ಟು, ಹಿಂಡಿ ಖರ್ಚು ಎಷ್ಟು, ಕಂತು ಎಷ್ಟು, ಎಲ್ಲಕ್ಕೂ ಫಾರ್ಮಿನಲ್ಲಿ ಕಾಲಮ್ಮು ಇತ್ತು. ಕರು ಕುಡಿಯುವ ಹಾಲಿಗೆ ನಾನು ಕಾಲಮ್ಮು ನೋಡಿದ ನೆನಪಿಲ್ಲ.

ಅಲ್ಲಿ ಒಬ್ಬ ಹೆಣ್ಣುಮಗಳು, ಗಂಡ ಇಲ್ಲದವಳು, ಎಮ್ಮೆ ತಗೊಂಡಿದ್ದಳು. ಎರಡನೇ ಕಂತಿಗೆ ಹೋದಾಗ ಹೇಳಿದಳು: "ಸಾಹೇಬ್ರ, ಕರಾ ಭಾಳ ಸೊರಗೈತ್ರಿ. ಒಂದ್ ತಿಂಗಳ ಹಾಲು ಅದಕ್ಕ ಬಿಡ್ತೀನಿ. ಕಂತು ಮುಂದಿನ ತಿಂಗಳ ಕೊಡ್ತೀನ್ರಿ."

"ಗಂಡುಗರಕ್ಕ ಹಾಲು ಕುಡಿಸಿ ಏನ್ ಮಾಡ್ತಿ? ಡೇರಿಗೆ ಹಾಕು," ಅಂದೆ. ಲೆಕ್ಕದ ಪ್ರಕಾರ ನಾನು ಹೇಳಿದ್ದು ಸರಿಯೇ.

ಎಂಟು ದಿನಕ್ಕೆ ಕರು ಸತ್ತಿತು. ಎಮ್ಮೆ ಸೊರೆ ಬಿಡಲಿಲ್ಲ, ಒದೆಯತೊಡಗಿತು. ಆಕೆ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ಎಮ್ಮೆಯ ಮುಂದೆ ನಿಲ್ಲಿಸಿದ್ದಳಂತೆ. ಅದೂ ಆಗಲಿಲ್ಲ. ಎಮ್ಮೆ ಬತ್ತಿತು, ಸಾಲ ಸುಸ್ತಿಯಾಯಿತು, ನೋಟೀಸಿಗೆ ಸಹಿ ಹಾಕಿದವನು ನಾನೇ. ಕಾರಣದ ಜಾಗದಲ್ಲಿ 'ಹಾಲಿನ ಇಳುವರಿ ಕಡಿಮೆ' ಅಂತ ಬರೆದೆ. 1990ರಲ್ಲಿ ಹತ್ತು ಸಾವಿರದವರೆಗಿನ ಸಾಲ ಮನ್ನಾ ಆದಾಗ ಆಕೆಯದೂ ಹೋಗಿರಬಹುದು. ಅಷ್ಟರಲ್ಲಿ ನನಗೆ ಮುಂಬಯಿಗೆ ವರ್ಗವಾಗಿತ್ತು. ಇದನ್ನು ನಾನು ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

ಅವತ್ತು ಬೈಪಾಸಿನಲ್ಲಿ ನಿಂತುಕೊಂಡೇ ಊರಿಗೆ, ಕಲಘಟಗಿ ಕಡೆಯ ನಮ್ಮ ಹಳ್ಳಿಗೆ, ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ಏಳನೇತ್ತೆ ಪಾಸು. ಜೀವಮಾನವಿಡೀ ಎಮ್ಮೆ ಕಟ್ಟಿದವನು. ಊರ ಕಡೆಯ ಆ ಸಣ್ಣ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಅಂತ ಸರಕಾರಿ ಮಾನ್ಯತೆ ಸಿಕ್ಕಾಗ, "ಈಗ ಗೊತ್ತಾತೇನು ಇವರಿಗೆ" ಅಂತ ನಕ್ಕವನು.

"ಬಾಯಾಗ ಬೊಟ್ಟು ಇಟ್ಟು ನೋಡಪಾ. ಬೆಚ್ಚಗೈತೋ ತಣ್ಣಗೈತೋ?"

ಇಟ್ಟು ನೋಡಿದೆ. ಹಸಿ ಗೋಡೆ ಮುಟ್ಟಿದ ಹಾಗಿತ್ತು. ಬೊಟ್ಟನ್ನು ಚೀಪಲೂ ಇಲ್ಲ.

"ಹಂಗಾರ ಈಗ ಹಾಲು ಹಾಕಬ್ಯಾಡ. ತಣ್ಣಗಿದ್ದ ಕರಕ್ಕ ಹಾಲು ಹಾಕಿದ್ರ ಎದಿಗೆ ಇಳೀತೈತಿ. ಮೊದಲ ಮೈ ಕಾಸು. ಗೊಟ್ಟಾ ಮಾತ್ರ ಹಚ್ಚಬ್ಯಾಡ, ಅವ್ವ ಏನಂತಿದ್ಲು ನೆನಪೈತಿಲ್ಲ?"

ನೆನಪಿತ್ತು. ನಮ್ಮ ಅವ್ವ ದೊಡ್ಡ ದನಕ್ಕೆ ಔಷಧಿ ಕುಡಿಸಲು ಬಿದಿರಿನ ಗೊಟ್ಟ ಹಿಡಿಯುತ್ತಿದ್ದಳು. ಎಳೆಗರುವಿನ ಹತ್ತಿರ ಮಾತ್ರ ಅದನ್ನು ತರಗೊಡುತ್ತಿರಲಿಲ್ಲ. ಒತ್ತಾಯದಿಂದ ಸುರಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ ಎಂಬುದು ಅವಳಿಗೆ ಯಾವ ಡಾಕ್ಟರೂ ಹೇಳಿಕೊಟ್ಟಿದ್ದಲ್ಲ.

ಒಣ ಗೋಣಿಚೀಲ ಹುಡುಕಿ ತಿಕ್ಕತೊಡಗಿದೆ. ಮೂಗಿನ ಲೋಳೆ ತೆಗೆದೆ. ಚಹಾದ ಗಾಡಿಯವನಿಂದ ಬಿಸಿನೀರು ಬೇಡಿ, ಖಾಲಿ ನೀರಿನ ಬಾಟಲಿಗಳಿಗೆ ತುಂಬಿ, ಚೀಲದಲ್ಲಿ ಸುತ್ತಿ ಹೊಟ್ಟೆಯ ಎರಡೂ ಕಡೆ ಇಟ್ಟೆ. ಆರು ಸಲ ನೀರು ಬದಲಿಸಿದ್ದೇನೆ. ಪ್ಯಾಂಟು ಷರ್ಟು ತುಂಬ ಸೆಗಣಿ. ರಿಕ್ಷಾದವರು ನಿಧಾನ ಮಾಡಿ ನೋಡಿ ಹೋಗುತ್ತಿದ್ದರು.

ಭೈಯಾನ ಹತ್ತಿರ ಚೀಕ್ ಕೇಳಿದೆ. "ನನ್ನ ಖಾತೆಗೆ ಬರಿ," ಅಂದೆ. ಅವನು ನನ್ನ ಮುಖ ನೋಡಿ, ಏನೂ ಅನ್ನದೆ ಲೋಟಾ ಹಿಡಿದು ಕೂತ. ನಮ್ಮ ಮನೆಯಾಕೆಗೆ ಫೋನ್ ಮಾಡಿ ಮೊಮ್ಮಗನ ಹಳೇ ಹಾಲಿನ ಬಾಟಲಿ ತರಿಸಿದೆ. "ರೀ, ನಿಮಗೇನು ತಲಿ ಕೆಟ್ಟೈತೇನ್ರಿ?" ಅನ್ನುತ್ತಲೇ ಮಳೆಯಲ್ಲಿ ಬಂದಳು, ನಿಪ್ಪಲ್ಲಿನ ತೂತನ್ನು ಕತ್ತರಿಯಿಂದ ತಾನೇ ದೊಡ್ಡದು ಮಾಡಿಕೊಟ್ಟಳು.

ಗಿಣ್ಣದ ವಿಷಯ ಓದುಗರಿಗೆ ಹೇಳಲೇಬೇಕು. ಮನುಷ್ಯರ ಕೂಸಿಗೆ ತಾಯಿಯ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲಿದ್ದಾಗಲೇ ಸ್ವಲ್ಪ ಸಿಗುತ್ತದೆ. ಕರುವಿಗೆ ಆ ದಾರಿ ಇಲ್ಲ. ಎಲ್ಲವೂ ಗಿಣ್ಣದಲ್ಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಬಂದು, ಒಂದು ದಿನದ ಹೊತ್ತಿಗೆ ಪೂರ್ತಿ ಮುಚ್ಚುತ್ತದೆ. ಮೈ ತೂಕದ ಹತ್ತನೇ ಒಂದು ಪಾಲಾದರೂ ಮೊದಲ ದಿನ ಒಳಗೆ ಹೋಗಬೇಕು. ಮೂವತ್ತು ಕಿಲೋದ ಕರುವಿಗೆ ಮೂರು ಲೀಟರು. ನಮ್ಮದಕ್ಕೆ ಆಗಲೇ ಐದಾರು ತಾಸು ಕಳೆದುಹೋಗಿದ್ದವು.

ಹತ್ತು ಗಂಟೆಯ ಸುಮಾರಿಗೆ ಬಾಯಿ ಬೆಚ್ಚಗಾಯಿತು. ಹೆಬ್ಬೆರಳನ್ನು ಗಿಣ್ಣದಲ್ಲಿ ಅದ್ದಿ ಅಂಗಳಕ್ಕೆ ತಿಕ್ಕಿದೆ. ನಾಲಿಗೆ ಮಿಸುಕಿತು, ಸುಮ್ಮನಾಯಿತು. ಮತ್ತೆ ಅದ್ದಿದೆ. ಎಷ್ಟನೇ ಸಲವೋ, ಬೆರಳನ್ನು ಎಳೆದುಕೊಂಡಿತು. ಆ ಎಳೆತ ಬರೆದು ತಿಳಿಸುವಂಥದ್ದಲ್ಲ. ಬೆರಳಿನ ಪಕ್ಕದಲ್ಲೇ ನಿಪ್ಪಲ್ ಜಾರಿಸಿದೆ. ನೂರು ಎಂ.ಎಲ್. ಹೋಯಿತು, ಅರ್ಧ ಕೆಳಗೆ ಚೆಲ್ಲಿತು. ಕಾಲು ಗಂಟೆ ಬಿಟ್ಟು ಮತ್ತೊಮ್ಮೆ. ಮಧ್ಯಾಹ್ನದೊಳಗೆ ಒಂದು ಲೀಟರು, ರಾತ್ರಿ ಎಂಟಕ್ಕೆ ಎರಡೂವರೆ. ಅಣ್ಣ ತಾಸಿಗೊಮ್ಮೆ ಫೋನು: "ಉಚ್ಚಿ ಹೊಯ್ತೇನು?" ಐದು ಗಂಟೆಗೆ ಹೊಯ್ದಾಗ ನಾನು ರಸ್ತೆಯಲ್ಲೇ ಕೂಗಿ ಹೇಳಿದೆ.

ಮೂರನೇ ದಿನ ಎದ್ದು ನಿಂತಿತು, ಬಿತ್ತು, ಮತ್ತೆ ಎದ್ದಿತು. ಭೈಯಾ ತಾನೇ ಹಿಡಿದು ತಾಯಿಯ ಕೆಚ್ಚಲಿಗೆ ತಂದ. ಕರು ಗುದ್ದಿದ ರಭಸಕ್ಕೆ ಎಮ್ಮೆ ಸರಿದು ನಿಂತು, ಸೊರೆ ಬಿಟ್ಟಿತು. ನೀರು ಇಳಿದ ಮೇಲೆ ಎಲ್ಲರೂ ತಬೇಲೆಗೆ ವಾಪಸು. ದಿನಕ್ಕೆ ಎರಡು ಲೀಟರ್ ಕರುವಿನ ಪಾಲಿಗೆ, ನನ್ನ ಖಾತೆಗೆ. ತಿಂಗಳ ಬಿಲ್ಲು ನೋಡಿ ನಮ್ಮಾಕೆ, "ಯಾರಿಗ್ರೀ ಇಷ್ಟು ಹಾಲು?" ಅಂದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಬಿಜಾಪುರದ ಕಥೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಬಿಲ್ಲು ಮಾತ್ರ ಮರುದಿನ ತಾನೇ ಕೊಟ್ಟು ಬಂದಳು.

ದೀಪಾವಳಿಗೆ ಮಗನ ಮನೆಗೆಂದು ನವಿ ಮುಂಬಯಿಗೆ ಹೋಗಿ ಹದಿನೈದು ದಿನ ಅಲ್ಲೇ ಇದ್ದೆವು. ತಿರುಗಿ ಬಂದು ತಬೇಲೆಗೆ ಹೋದರೆ ಕರು ಕಟ್ಟುತ್ತಿದ್ದ ಗೂಟ ಖಾಲಿ.

"ಗಾಂವ್ ಭೇಜ್ ದಿಯಾ ಅಂಕಲ್‌ಜೀ," ಅಂದ ಭೈಯಾ, ಹಾಲು ಅಳೆಯುತ್ತ.

ಅವನ ಊರು ಉತ್ತರ ಪ್ರದೇಶದ ಆ ತುದಿ. ಕಲ್ಯಾಣದಿಂದ ಅಲ್ಲಿಗೆ ಯಾರೂ ಗಂಡುಗರು ಸಾಗಿಸುವುದಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಜನರನ್ನು ಪ್ರಶ್ನೆ ಕೇಳಿದವನು ನಾನು, ಮುಂದಿನ ಪ್ರಶ್ನೆ ಯಾವುದೆಂದು ಗೊತ್ತಿತ್ತು. ಕೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿಕೊಂಡು ಮನೆಗೆ ಬಂದೆ.

ಆ ರವಿವಾರ ಅಣ್ಣನ ಫೋನು ಬಂತು. ಮಳೆ, ಗೋವಿನಜೋಳ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಕೇಳಿದ: "ನಿನ್ನ ಕರಾ ಹೆಂಗೈತಿ? ಕೋಡು ಮೂಡ್ಯಾವೇನು?"

"ಮೂಡ್ಯಾವಣ್ಣಾ," ಅಂದೆ.